ಮೇಡಂಗೆ ಒಗ್ಗಿದ ಕೈ

ವೀರಬಸಪ್ಪನಿಗೆ ಬೆಂಗಳೂರಿನಲ್ಲಿ ಮೊದಲ ಒದೆ ಬಿದ್ದದ್ದು ಎಪ್ಪತ್ತಾರನೇ ಇಸವಿಯ ಡಿಸೆಂಬರಿನಲ್ಲಿ. ಒದ್ದವರು ಮೇಡಂ.

ಮೇಡಂ ಅಂದರೆ ಹಸು. ಕೆಂಪಾಪುರದಲ್ಲಿ ಆನಂದಪ್ಪ ಎಂಬುವರು ಒಂದು ಹಾಲಿನ ಡೈರಿ ಇಟ್ಟುಕೊಂಡಿದ್ದರು. ಅಲ್ಲಿದ್ದ ದನಗಳಲ್ಲೆಲ್ಲ ಇದೇ ದೊಡ್ಡದು. ಬಿಳಿ ಮೈ ಮೇಲೆ ಕಪ್ಪು ಮಚ್ಚೆ, ಉದ್ದ ರೆಪ್ಪೆ, ಯಾರನ್ನೂ ಪೂರ್ತಿ ನಂಬದ ಕಣ್ಣು. ಮೊದಲು ಗಂಗಾನಗರದ ಬಂಗಲೆಯೊಂದರಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ ಇದನ್ನು ಸಾಕಿದ್ದರಂತೆ. ಆಳುಕಾಳುಗಳು ಬೆಳಗಿನಿಂದ ಸಂಜೆವರೆಗೆ ಯಜಮಾನಿಯನ್ನು ‘ಮೇಡಂ, ಮೇಡಂ’ ಎಂದು ಕೂಗುವುದನ್ನು ಕೇಳಿ ಕೇಳಿ ಕರು ಅದನ್ನು ತನ್ನ ಹೆಸರೇ ಎಂದುಕೊಂಡು ಬೆಳೆದಿತ್ತು. ಆನಂದಪ್ಪ ಕೊಂಡು ತಂದ ಮೇಲೆ ಗೌರಿ ಎಂದು ಕರೆದು ನೋಡಿದರು. ತಿರುಗಲಿಲ್ಲ. ಲಕ್ಷ್ಮಿ ಎಂದರು. ಬಾಲ ಕೂಡ ಅಲ್ಲಾಡಲಿಲ್ಲ. ಕೊನೆಗೆ ಬೇಸತ್ತು, “ಮೇಡಂ, ಒಸಿ ಈ ಕಡೆ ಬರ್ತೀರಾ?” ಎಂದಾಗ ಗಂಭೀರವಾಗಿ ನಡೆದು ಬಂತು. ಅಂದಿನಿಂದ ಡೈರಿಯಲ್ಲಿ ಎಲ್ಲರೂ ಅದಕ್ಕೆ ಬಹುವಚನವೇ. ನಾನೂ ಮುಂದೆ ಹಾಗೇ ಬರೆಯುತ್ತೇನೆ. ಏಕವಚನ ಬರೆಯಲು ಈಗಲೂ ಧೈರ್ಯ ಬರುವುದಿಲ್ಲ.

ವೀರಬಸಪ್ಪ ನಮ್ಮ ಯಲಹಂಕದ ಹಳೇ ಊರಿನವನಾದದ್ದು ಅದೇ ವರ್ಷ. ಅವನ ಊರು ವಿಜಾಪುರದ ಕಡೆ, ಇಂಡಿ ತಾಲ್ಲೂಕು. ಹೆಂಡತಿ ಗಂಗಾದೇವಿಯ ಅಣ್ಣ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಇದ್ದವರು, ತಂಗಿಯ ಗಂಡನಿಗೂ ಅಲ್ಲೇ ಕೆಲಸ ಕೊಡಿಸೋಣ ಎಂದು ಕರೆಸಿಕೊಂಡಿದ್ದರು. ವೀರಬಸಪ್ಪ ಅಲ್ಲಿ ಒಂದೇ ವಾರ ಇದ್ದ.

“ಮಷೀನಿಗೆ ಮಾತಾಡ್ಸಿದ್ರ ತಿರುಗಿ ನೋಡಂಗಿಲ್ರಿ,” ಎಂದು ನಮಗೆ ಕಾರಣ ಹೇಳಿದ. “ಎಷ್ಟ್ ಅಂತ ಒಬ್ಬನ ಮಾತಾಡೂದು?”

ಊರಲ್ಲಿ ಎಮ್ಮೆಗಳೊಂದಿಗೆ ಬೆಳೆದ ಮನುಷ್ಯ. ಆಳು ಆರಡಿ, ಹುರಿ ಮೀಸೆ, ಆ ಮೈಗೆ ಹೊಂದದಷ್ಟು ಮೆತ್ತಗಿನ ಕೈ. ದನ ಕರು ನಾಯಿ ಮೇಕೆ ಯಾವುದಕ್ಕಾದರೂ ಆ ಕೈ ತಾಗಿದರೆ ಕಣ್ಣು ಅರ್ಧ ಮುಚ್ಚುತ್ತಿದ್ದವು. ಹೀಗಾಗಿ ಕೆಂಪಾಪುರದ ಡೈರಿಯಲ್ಲಿ ಹಾಲು ಕರೆಯುವ ಕೆಲಸ ಸಿಕ್ಕಿದಾಗ ಅವನಿಗೆ ತವರಿಗೆ ಹೋದಷ್ಟು ಸಂತೋಷವಾಯಿತು. ಅದುವರೆಗೆ ಮೂವರು ಗೌಳಿಗರನ್ನು ಓಡಿಸಿದ್ದ ಮೇಡಂ, ವೀರಬಸಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು “ಹ್ಞಾಂ ನಮ್ಮವ್ವ, ಆರಾಮ ಇದ್ದೀರೇನ್ರಿ?” ಎಂದರೆ ಸಾಕು, ಬಕೆಟ್ಟು ತುಂಬಿಸಿಬಿಡುತ್ತಿದ್ದರು. ಆನಂದಪ್ಪ ಇದನ್ನು ನೆಂಟರಿಷ್ಟರಿಗೆಲ್ಲ ಕರೆದು ತೋರಿಸಿದರು.

ಎಲ್ಲ ಸರಿಯಾಗಿತ್ತು. ಆಮೇಲೆ ಚಳಿ ಬಂತು.

ಆಗಿನ ಯಲಹಂಕದ ಚಳಿ ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಮುಂದಿನ ಎತ್ತಿನ ಗಾಡಿ ಕಾಣುತ್ತಿರಲಿಲ್ಲ, ಎತ್ತಿನ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಕೆರೆ ಏರಿಯ ಮೇಲಿಂದ ಬರುವ ಗಾಳಿ ಕಂಬಳಿಯೊಳಗೂ ದಾರಿ ಹುಡುಕುತ್ತಿತ್ತು. ನಮಗೆ ಅದು ಅಭ್ಯಾಸ. ವಿಜಾಪುರದ ಬಿಸಿಲಿನಲ್ಲಿ ಬೆಂದು ಬಂದವನ ಗತಿ ಏನು?

“ಈ ಊರಾಗ ದೇವ್ರು ಬಾಗ್ಲಾ ಹಾಕೂದ ಮರೆತು ಮಲ್ಕೊಂಡಾನ್ರಿ,” ಎನ್ನುತ್ತಿದ್ದ ವೀರಬಸಪ್ಪ.

ಯಲಹಂಕದಿಂದ ಜಕ್ಕೂರು, ಬ್ಯಾಟರಾಯನಪುರ ದಾಟಿ ಕೆಂಪಾಪುರಕ್ಕೆ ಅವನು ಸೈಕಲ್ಲಿನಲ್ಲಿ ಹೋಗಬೇಕು. ಮೈಗೆ ಕಂಬಳಿ ಇತ್ತು, ತಲೆಗೆ ರುಮಾಲು ಇತ್ತು. ಕಬ್ಬಿಣದ ಹ್ಯಾಂಡಲ್ ಹಿಡಿದ ಕೈಗೆ ಏನೂ ಇರಲಿಲ್ಲ. ಆ ದಿನ ಡೈರಿ ಮುಟ್ಟಿ ಇಳಿದಾಗ ಅವನ ಕೈಗಳು ಹ್ಯಾಂಡಲ್ ಬಿಟ್ಟವು, ಆದರೆ ಹ್ಯಾಂಡಲ್ ಹಿಡಿದ ಆಕಾರ ಬಿಡಲಿಲ್ಲ. ಹಾಗೇ ಎರಡು ಕೊಕ್ಕೆಗಳನ್ನು ಮುಂದೆ ಚಾಚಿಕೊಂಡು ಮೇಡಂ ಹತ್ತಿರ ಹೋಗಿ ಕೂತ.

“ನಮ್ಮವ್ವ, ಆರಾಮ—”

ಮಾತು ಮುಗಿಯಲಿಲ್ಲ. ಮಂಜುಗಡ್ಡೆಯಂಥ ಬೆರಳು ಕೆಚ್ಚಲಿಗೆ ತಾಗಿದ್ದೇ ತಡ, ಮೇಡಂ ಒದ್ದರು. ವೀರಬಸಪ್ಪ ಹುಲ್ಲಿನ ರಾಶಿಯಲ್ಲಿ ಬಿದ್ದ. ಬಕೆಟ್ಟು ಮೇಲೆ ಹಾರಿ, ಆಗಷ್ಟೇ ಹಲ್ಲುಜ್ಜುತ್ತ ಒಳಗೆ ಬಂದ ಆನಂದಪ್ಪನವರ ತಲೆಯ ಮೇಲೆ ಟೋಪಿಯಂತೆ ಕೂತಿತು.

ಬಕೆಟ್ಟಿನೊಳಗಿಂದ ಆನಂದಪ್ಪ ಕೇಳಿದರು, “ಯಾವನ್ಲಾ ಅವನು?”

“ನಾ ಅಲ್ರಿ, ಮೇಡಂ.”

ಆನಂದಪ್ಪ ಬಕೆಟ್ಟು ತೆಗೆದು ಮೊದಲು ಮೇಡಂ ಹತ್ತಿರ ಹೋಗಿ, “ತಪ್ಪಾಯ್ತು ಕಣ್ರವ್ವ,” ಎಂದು ಕುತ್ತಿಗೆ ಸವರಿದರು. ಆಮೇಲೆ ವೀರಬಸಪ್ಪನ ಕೈ ಮುಟ್ಟಿ ನೋಡಿ ತಾವೇ ಕಿಟಾರನೆ ಕಿರುಚಿಕೊಂಡರು. “ಅಯ್ಯೋ, ಇದೇನಯ್ಯ ಕೈಯೋ ಹಾವೋ! ಇಂಗಾದ್ರೆ ನಾನಾದ್ರೂ ಒದೀತಿದ್ದೆ.”

ಬೆಂಕಿ ಕಾಯಿಸಿಕೊಳ್ಳೋಣ ಎಂದರೆ ಸುತ್ತ ಒಣಹುಲ್ಲು. ಆ ಆವರಣದಲ್ಲಿ ಬೀಡಿ ಹಚ್ಚಲೂ ಆನಂದಪ್ಪ ಬಿಡುತ್ತಿರಲಿಲ್ಲ. ಒಳಗಿಂದ ಬಿಸಿನೀರು ತರಿಸಿ ಕೈ ಅದ್ದಿಸಿದರು. ಬೆರಳುಗಳು ಕೆಂಪಗೆ ಬನ್ನಿನಂತೆ ಉಬ್ಬಿಕೊಂಡು, ಯಾವುದು ಮೆತ್ತಗೆ ಯಾವುದು ಬಿಗಿ ಎಂದು ತಿಳಿಯದಂತಾದವು. ಗೊತ್ತಾಗದೆ ಗಟ್ಟಿಯಾಗಿ ಹಿಂಡಿದ. ಎರಡನೆಯ ಒದೆ ಬಿತ್ತು.

“ನೋಡು ವೀರಬಸಪ್ಪ, ದಾರೀಲೇ ಕೈ ಬೆಚ್ಚಗಿರಬೇಕು,” ಎಂದರು ಆನಂದಪ್ಪ. “ಇಲ್ಲಿ ಬಂದ್ಮೇಲೆ ಉಪಚಾರ ಮಾಡಾಕೆ ಇದೇನು ಆಸ್ಪತ್ರೇನಾ? ಬೆಚ್ಚಗಿನ ಕೈ ತಂದ್ರೆ ಬಾ. ಇಲ್ಲ ಅಂದ್ರೆ ಚಳಿಗಾಲ ಮುಗಿಯೋವರ್ಗೂ ಬರಬ್ಯಾಡ.”

ಅವನು ಸಂಜೆ ಮನೆಗೆ ಬಂದು ಜಗಲಿಯಲ್ಲಿ ತಲೆಮೇಲೆ ಕೈ ಹೊತ್ತು ಕೂತ. ನಾನು ಆಗ ಅದೇ ವಠಾರದ ಕೊನೆಯ ಮನೆಯಲ್ಲಿದ್ದೆ, ಎದುರೆದುರು ಬಾಗಿಲು. ಕೆಲಸ ಹೋಗುತ್ತದೆಂಬುದಕ್ಕಿಂತ ಮೇಡಂ ತನ್ನನ್ನು ಒದ್ದರಲ್ಲ ಎಂಬುದೇ ಅವನಿಗೆ ದೊಡ್ಡ ದುಃಖ. “ನನ್ನ ಮ್ಯಾಲ ಎಷ್ಟ್ ವಿಶ್ವಾಸ ಇಟ್ಟಿದ್ರು!” ಎಂದು ಹತ್ತು ಸಲ ಹೇಳಿದ.

ಗಂಗಾದೇವಿ ಅಳುವ ಪೈಕಿ ಅಲ್ಲ. “ಕೈ ಬೆಚ್ಚಗ ಇಡೂದೇನ್ ದೊಡ್ಡ ಕೆಲಸ?” ಎಂದು ಎದ್ದು ಅಣ್ಣನ ಹಳೆಯ ಕಾಲುಚೀಲಗಳನ್ನು ತಂದು ಗಂಡನ ಕೈಗೆ ಹಾಕಿದಳು.

ಕಾಲುಚೀಲ ಬೆಚ್ಚಗೇನೋ ಇತ್ತು. ಆದರೆ ಅದರಲ್ಲಿ ಬೆರಳುಗಳೆಲ್ಲ ಒಂದೇ ಕಡೆ ಗುಂಪಾಗಿ ಕೂರುತ್ತಿದ್ದರಿಂದ ಬ್ರೇಕು ಸಿಗುತ್ತಿರಲಿಲ್ಲ. ಜಕ್ಕೂರಿನ ಇಳಿಜಾರಿನಲ್ಲಿ ಅವನು ನಿಲ್ಲಬೇಕೆಂದುಕೊಂಡ ಕಡೆ ನಿಲ್ಲದೆ, ಟೀ ಅಂಗಡಿಯ ಬೆಂಚುಗಳ ನಡುವೆ ಹಾದು, ಹಿಂದಿನ ಬಾಗಿಲಿನಿಂದ ಹೊರಟುಹೋದ. ಅಂಗಡಿಯವನು ಟೀ ಸೋಸುವುದನ್ನು ಬಿಟ್ಟು ತಿರುಗಿ ನೋಡುವಷ್ಟರಲ್ಲಿ ಮಂಜಿನಲ್ಲಿ “ತಪ್ಪಾತ್ರೀ!” ಎಂಬ ಕೂಗು ಮಾತ್ರ ಕೇಳಿಸಿತಂತೆ. ಹೇಗೋ ಡೈರಿ ಸೇರಿದ. ಮೇಡಂ ಅವನ ಕೈ ಮೂಸಿ ನೋಡಿದರು. ಯಶವಂತಪುರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಕಾಲುಚೀಲ ಅದು. ಅವರು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತರು, ಹಾಲು ಇಳಿಸಲಿಲ್ಲ.

ಮರುದಿನ ಗಂಗಾದೇವಿ ಜೋಳದ ರೊಟ್ಟಿ ತಟ್ಟಿದಳು. ಎರಡು ದಪ್ಪ ರೊಟ್ಟಿ, ಹಂಚಿನಿಂದ ಇಳಿಸಿದ್ದೇ ಹ್ಯಾಂಡಲ್ಲಿನ ಹಿಡಿಗಳಿಗೆ ಸುತ್ತಿ, ಮೇಲೆ ಬಟ್ಟೆ ಕಟ್ಟಿದಳು. ಇದು ಒಳ್ಳೆಯ ಉಪಾಯವೆಂದು ವಠಾರದವರೆಲ್ಲ ಒಪ್ಪಿಕೊಂಡೆವು. ವೀರಬಸಪ್ಪ ಹೊರಡುವಾಗ ಹಬೆ ಏಳುತ್ತಿತ್ತು. ಕೋಗಿಲು ಕ್ರಾಸ್‌ವರೆಗೆ ಸ್ವರ್ಗ. ಅಲ್ಲಿ ಒಂದು ನಾಯಿಗೆ ವಾಸನೆ ಹತ್ತಿತು. ಅದು ಇನ್ನೊಂದಕ್ಕೆ ಹೇಳಿತು. ಜಕ್ಕೂರು ಬರುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆಯೇ ಇತ್ತು. ಬೆಳಕು ಹರಿಯುತ್ತಲೇ ಕಾಗೆಗಳೂ ಸೇರಿಕೊಂಡವು. ಒಂದು ಧೈರ್ಯಸ್ಥ ಕಾಗೆ ಹ್ಯಾಂಡಲ್ ಮೇಲೆ ಕೂತು ಬ್ಯಾಟರಾಯನಪುರದವರೆಗೂ ಬಟ್ಟೆಯ ಗಂಟು ಬಿಚ್ಚುತ್ತ ಬಂತು. ಅಷ್ಟರಲ್ಲಿ ರೊಟ್ಟಿಗಳು ಆರಿ ತಗಡಾಗಿದ್ದವು. ಮೇಡಂಗೆ ಮಾತ್ರ ಈ ಉಪಾಯ ತುಂಬ ಹಿಡಿಸಿತು. ಅವರು ಎರಡೂ ರೊಟ್ಟಿ ತಿಂದು, ಅವನ ಕೈಯನ್ನು ಮೊಣಕೈವರೆಗೆ ನೆಕ್ಕಿ, ಮತ್ತೆ ಬೇಕೆಂದು ಕೂಗಿದರು. ಒದೆಯಲಿಲ್ಲ. ಆದರೆ ಆ ಕೈ ಕೆಚ್ಚಲ ಕಡೆ ಹೋಗಲು ಬಿಡಲೂ ಇಲ್ಲ.

ಇದೆಲ್ಲ ನೋಡಲಾರದೆ ನಾನೇ ಅವನನ್ನು ಖಾದರ್ ಬಾಷಾ ಬಳಿ ಕರೆದುಕೊಂಡು ಹೋದೆ. ಹಿಂದಿನ ಬೀದಿಯಲ್ಲಿ ಹಾಸಿಗೆ, ದಿಂಬು, ರಜಾಯಿ ಹೊಲಿಯುವವರು ಖಾದರ್ ಬಾಷಾ. ಮದುವೆ ಕಾಲದಲ್ಲಿ ಅವರ ಅಂಗಡಿಯಲ್ಲಿ ಕೆಂಪು ಸ್ಯಾಟಿನ್ನಿನ ಬೆಟ್ಟ. ಉಳಿದ ಕಾಲದಲ್ಲಿ ಬರೀ ಹತ್ತಿ, ಹತ್ತಿಯಿಂದ ಬರುವ ಸೀನು. ಅವರು ಕತೆ ಪೂರ್ತಿ ಕೇಳಿ, ಗಡ್ಡ ತುರಿಸಿಕೊಂಡು, ಸೈಕಲ್ಲನ್ನು ಒಳಗೆ ತರಿಸಿದರು. ಮದುಮಗನ ಭುಜ ಅಳೆಯುವ ಹಾಗೆ ಹ್ಯಾಂಡಲ್ ಅಳೆದರು.

“ಕೈಗೆ ರಜಾಯಿ ಹಾಕಿದ್ರೆ ತಪ್ಪು ಭಾಯ್. ಬೆರಳು ಕೆಲಸ ಮಾಡಲ್ಲ,” ಎಂದರು. “ಸೈಕಲ್‌ಗೇ ರಜಾಯಿ ಹಾಕ್ಬೇಕು. ಕೈ ಅದರೊಳಗೆ ಮನೆ ಥರ ಹೋಗ್ಬೇಕು, ಬರ್ಬೇಕು.”

ಅವರ ಹೆಂಡತಿ ಮಲ್ಕಾ ಪರದೆಯ ಹಿಂದಿನಿಂದ, “ಸೈಕಲ್‌ಗೆ ರಜಾಯಿ ಹೊಲೀತೀರಾ ಜೀ? ನಾಳೆ ಅದಕ್ಕೆ ನಿಕಾಹ್ ಕೂಡ ಮಾಡಿಸ್ತೀರಾ?” ಎಂದರು.

“ಹುಡುಗಿ ಸಿಕ್ಕಿದ್ರೆ ಮಾಡ್ಸೋಣ,” ಎಂದು ಖಾದರ್ ಬಾಷಾ ಸೂಜಿ ಪೋಣಿಸಿದರು.

ಯಾರದೋ ಮದುವೆಯ ರಜಾಯಿಯಲ್ಲಿ ಉಳಿದ ತುಂಡುಗಳಿಂದ ಎರಡು ದೊಡ್ಡ ಚೀಲಗಳು ತಯಾರಾದವು. ಹೊರಗೆ ಕೆಂಪು ಸ್ಯಾಟಿನ್, ಅದರ ಮೇಲೆ ಹಸಿರು ಬಳ್ಳಿ, ಅಂಚಿಗೆ ಜರಿ. ಒಳಗೆ ದಪ್ಪ ಹತ್ತಿ. ಹ್ಯಾಂಡಲ್ಲಿನ ಎರಡೂ ತುದಿಗೆ ಅವುಗಳನ್ನು ತೊಡಿಸಿ ದಾರ ಬಿಗಿದರೆ, ಹಿಡಿ, ಬ್ರೇಕು, ಬೆಲ್ಲು ಎಲ್ಲ ಒಳಗೆ. ಸವಾರ ಹಿಂದಿನ ಬಾಯಿಯಿಂದ ಕೈ ತೂರಿಸಿದರೆ ಸಾಕು. ದೂರದಿಂದ ನೋಡಿದರೆ ಸೈಕಲ್ಲಿಗೆ ಕೆಂಪು ಕಿವಿ ಬಂದಂತೆ ಕಾಣುತ್ತಿತ್ತು.

ಬೆಳಿಗ್ಗೆ ವೀರಬಸಪ್ಪ ಕೆಂಪಾಪುರ ತಲುಪಿ ಕೈ ಹೊರಗೆ ತೆಗೆದಾಗ ಅವು ಆಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಕೈಯಂತಿದ್ದವು. ಮೇಡಂ ಕಣ್ಣು ಅರ್ಧ ಮುಚ್ಚಿದರು. ಬಕೆಟ್ಟು ತುಂಬಿತು. ಆನಂದಪ್ಪ ತಾವೇ ಹೋಗಿ ಸೈಕಲ್ಲಿನ ಕಿವಿ ಸವರಿ ಬಂದರು.

ತೊಂದರೆ ಇರಲಿಲ್ಲವೆಂದಲ್ಲ. ಕೈ ಒಳಗಿಟ್ಟವನು ದಾರಿಯಲ್ಲಿ ಯಾರಿಗೂ ನಮಸ್ಕಾರ ಮಾಡುವಂತಿರಲಿಲ್ಲ. ವೀರಬಸಪ್ಪ ಮರ್ಯಾದಸ್ಥ, ಎದುರು ಸಿಕ್ಕವರಿಗೆಲ್ಲ ತಲೆ ಮುಂದಕ್ಕೆ ಬಗ್ಗಿಸಿ “ಶರಣ್ರೀ!” ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಮಂಜಿನೊಳಗಿಂದ ಹಠಾತ್ತನೆ ಒಂದು ಮೀಸೆ ಬಂದು ಶರಣು ಎಂದರೆ ಜನ ಬೆಚ್ಚಿ ಬೀಳುತ್ತಿದ್ದರು. ಬೆಲ್ಲು ಬಾರಿಸಿದರೆ ದಿಂಬಿನೊಳಗೆ ಯಾರೋ ಕೆಮ್ಮಿದಂತೆ ಕೇಳುತ್ತಿತ್ತು. ತಿರುವಿನಲ್ಲಿ ಕೈ ತೋರಿಸಲಾಗದೆ ಕಾಲು ತೋರಿಸುತ್ತಿದ್ದ.

ಈ ಕಾಲೇ ಅವನನ್ನು ಕಾನ್‌ಸ್ಟೇಬಲ್ ಮುಜಫ್ಫರ್ ಕಣ್ಣಿಗೆ ಬೀಳಿಸಿದ್ದು. ಮುಜಫ್ಫರ್ ಬ್ಯಾಟರಾಯನಪುರದ ಹತ್ತಿರ ರಾತ್ರಿ ಬೀಟಿನ ಕೊನೆಯಲ್ಲಿ ನಿಂತಿದ್ದ. ತುರ್ತು ಪರಿಸ್ಥಿತಿಯ ದಿನಗಳು. ಕಂಕುಳಲ್ಲಿ ಪೇಪರು ಇಟ್ಟುಕೊಂಡು ಹೋದರೂ ಅನುಮಾನಿಸುವ ಕಾಲ. ಅಂಥದರಲ್ಲಿ ಎರಡು ಕೆಂಪು ಮೂಟೆಯೊಳಗೆ ಕೈ ಬಚ್ಚಿಟ್ಟುಕೊಂಡ ಮೀಸೆಯವನು ಎಡಗಾಲನ್ನು ಗಾಳಿಗೆ ಚಾಚಿಕೊಂಡು ಬಂದ.

“ಏಯ್, ನಿಲ್ಸು! ಏನಿದೆ ಅದ್ರೊಳಗೆ?”

“ಕೈ ಅದಾವ್ರಿ.”

“ಕೈ ಗೊತ್ತು. ಕೈ ಜೊತೆ ಏನಿದೆ?”

ವೀರಬಸಪ್ಪ ಯೋಚಿಸಿದ. “ಬೆರಳು ಅದಾವ್ರಿ.”

“ತಮಾಷೆನಾ? ಕರಪತ್ರ ಗಿರಪತ್ರ ಇದ್ಯಾ?”

“ಬೆಲ್ಲ್ ಐತ್ರಿ. ಬಾರ್‌ಸ್ಲೇನು?”

ದಿಂಬು ಕೆಮ್ಮಿತು. ಮುಜಫ್ಫರ್ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಧೈರ್ಯ ಮಾಡಿ, ವೀರಬಸಪ್ಪನನ್ನು ಇಳಿಸಿ, ತಪಾಸಣೆಗೆಂದು ತಾನೇ ಎರಡೂ ಕೈ ಒಳಗೆ ಹಾಕಿದ. ಅವನ ಕೈ ರಾತ್ರಿಯಿಡೀ ಲಾಠಿ ಹಿಡಿದು ಮರಗಟ್ಟಿದ್ದವು. ಒಳಗೆ ವೀರಬಸಪ್ಪನ ಕೈಯ ಶಾಖ ಇನ್ನೂ ಹಾಗೇ ಇತ್ತು. ಮುಜಫ್ಫರನ ಮುಖದಲ್ಲಿ ಒಂದೊಂದೇ ಸುಕ್ಕು ಸಡಿಲಾಯಿತು. ತಪಾಸಣೆ ಮುಗಿಯಲೇ ಇಲ್ಲ.

“ಸಾಹೇಬ್ರ, ಏನರ ಸಿಕ್ತೇನ್ರಿ?”

“ಇರು, ಹುಡುಕ್ತಾ ಇದೀನಿ,” ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದ ಮುಜಫ್ಫರ್.

ವೀರಬಸಪ್ಪ ಪಕ್ಕದಲ್ಲಿ ತನ್ನ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕುಣಿಯುತ್ತ ಕಾದ. ಕೊನೆಗೆ ಹಾಲಿನ ಕ್ಯಾನಿನವರು ಮೂವರು ಬಂದು ಗುಂಪು ಸೇರಿದ ಮೇಲೆ ಮುಜಫ್ಫರ್ ಒಲ್ಲದ ಮನಸ್ಸಿನಿಂದ ಕೈ ತೆಗೆದು, “ಏನೂ ಇಲ್ಲ, ಹೋಗು. ನಾಳೆ ಮತ್ತೆ ಚೆಕ್ ಮಾಡ್ಬೇಕು,” ಎಂದ. ಹಾಗೇ ಮಾಡಿದ. ಮರುದಿನವೂ ಮಾಡಿದ. ಅದರ ಮರುದಿನ ವೀರಬಸಪ್ಪ ತಾನೇ ಇಳಿದು ಸೈಕಲ್ಲು ಕೊಟ್ಟ. ಆ ವಾರದ ಕೊನೆಗೆ ಮುಜಫ್ಫರ್ ತನ್ನ ಸೈಕಲ್ಲು ಹತ್ತಿ ಯಲಹಂಕಕ್ಕೆ ಬಂದು ಖಾದರ್ ಬಾಷಾ ಅಂಗಡಿಯಲ್ಲಿ ಖಾಕಿ ಬಣ್ಣದ ಕಿವಿ ಹೊಲಿಯಲು ಹೇಳಿಹೋದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ ವೀರಬಸಪ್ಪ ಕತ್ತಲಲ್ಲಿ ಸೈಕಲ್ಲು ಹೊರಗೆ ತಂದು ಕೈ ತೂರಿಸಿದಾಗ, ಎಡಗಡೆಯ ಚೀಲ ಮೊದಲೇ ಬಿಸಿಯಾಗಿತ್ತು. ಒಳಗೆ ಏನೋ ಮೆತ್ತಗೆ, ದುಂಡಗೆ, ಸಣ್ಣಗೆ ಗುರುಗುಟ್ಟುತ್ತಿತ್ತು. ಖಾದರ್ ಬಾಷಾ ಹೇಳದೆ ಕೇಳದೆ ಏನೋ ಹೊಸ ಏರ್ಪಾಡು ಮಾಡಿದ್ದಾರೆಂದು ಅವನು ಸಂತೋಷಪಟ್ಟು ಹೊರಟ. ಜಕ್ಕೂರು ದಾಟಿದ ಮೇಲೆ ಆ ಏರ್ಪಾಡು ಆಕಳಿಸಿತು.

ಅದು ಮಲ್ಕಾ ಅವರ ಬೆಕ್ಕು. ಹೆಸರು ಬೇಗಂ. ಹತ್ತಿಯ ನಡುವೆಯೇ ಹುಟ್ಟಿದ ಪ್ರಾಣಿ. ತನ್ನ ಮನೆಯ ವಾಸನೆ ಇದ್ದ ಚೀಲ ಕಂಡು ಒಳಗೆ ಹೋಗಿ ಮಲಗಿತ್ತು. ವೀರಬಸಪ್ಪನ ಕೈ ಯಾವ ಪ್ರಾಣಿಗೆ ತಾನೇ ಬೇಡ? ಬೇಗಂ ಹೊರಗೆ ಬರಲಿಲ್ಲ. ಕೆಂಪಾಪುರದವರೆಗೂ ಹೋಗಿ, ಒಂದು ಬಟ್ಟಲು ನೊರೆಹಾಲು ಕುಡಿದು, ಅದೇ ಚೀಲದಲ್ಲಿ ವಾಪಸು ಬಂತು. ಮರುದಿನ ತಾನೇ ಬಂದು ಕಾಯುತ್ತಿತ್ತು.

ಆಗ ಹೊಸ ಸಮಸ್ಯೆ ಶುರುವಾಯಿತು. ಬೆಕ್ಕು ಇದ್ದ ಎಡಗೈ ಬೇರೆ, ಬರೀ ಹತ್ತಿ ಇದ್ದ ಬಲಗೈ ಬೇರೆ. ಮೇಡಂ ಎರಡು ಬಗೆಯ ಶಾಖ ಒಪ್ಪುವವರಲ್ಲ. ಎಡಗೈಯಲ್ಲಿ ಹಿಂಡಿದಾಗ ಸುಮ್ಮನಿದ್ದವರು, ಬಲಗೈ ಸರದಿ ಬಂದಾಗಲೆಲ್ಲ ಕತ್ತು ತಿರುಗಿಸಿ ಅದನ್ನೇ ದಿಟ್ಟಿಸುತ್ತಿದ್ದರು.

“ಮೇಡಂ ಬಲಗೈ ಮ್ಯಾಲ ಸಿಟ್ಟಾಗ್ಯಾರ,” ಎಂದು ವೀರಬಸಪ್ಪ ಗಂಗಾದೇವಿಗೆ ಹೇಳಿದ. “ಇನ್ನೊಂದು ಬೆಕ್ಕು ಬೇಕು.”

“ನಿಮಗ ಬೇಕಾದದ್ದು ಬೆಕ್ಕಲ್ಲ, ಬುದ್ಧಿ,” ಎಂದಳು ಗಂಗಾದೇವಿ. ಆದರೂ ಸಂಜೆ ಅವಳೇ ಮೀನು ಮಾರುವ ಮೂಲೆಯಿಂದ ಒಂದು ಗಂಡುಬೆಕ್ಕನ್ನು ಸೆರಗಿನಲ್ಲಿ ಸುತ್ತಿ ತಂದಳು. ಒಂದು ಕಿವಿ ಅರ್ಧ ಇರಲಿಲ್ಲ. ಉಳಿದ ಮುಖವೂ ಯಾವುದೋ ದೊಡ್ಡ ಜಗಳದಿಂದ ಹಿಂದಿರುಗಿದಂತಿತ್ತು. ವೀರಬಸಪ್ಪ ನೆತ್ತಿ ಸವರಿದ. ಆ ರೌಡಿಯೂ ಕಣ್ಣು ಅರ್ಧ ಮುಚ್ಚಿತು.

ಬೆಳಿಗ್ಗೆ ಎಡಚೀಲದಲ್ಲಿ ಬೇಗಂ, ಬಲಚೀಲದಲ್ಲಿ ರೌಡಿ, ನಡುವೆ ವೀರಬಸಪ್ಪ. ಒಬ್ಬರು ಇರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟು ಸುಖವಾಗಿ ಕೆಲಸಕ್ಕೆ ಹೋದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಜಕ್ಕೂರಿನ ಆಚೆ ಕುರಿಮಂದೆ ರಸ್ತೆ ದಾಟುತ್ತಿತ್ತು. ವೀರಬಸಪ್ಪ ಬೆಲ್ಲು ಬಾರಿಸಿದ. ಕುರಿಗಳಿಗೆ ಅದು ಕೇಳಿಸುವ ಮಾತೇ ಇಲ್ಲ. ಒಂದು ಕಾಲೂರಿ ನಿಂತು, ಮಂದೆ ಸರಿಯಲೆಂದು “ಹೋಯ್, ಹೋಯ್” ಎಂದ. ಕುರಿಗಳ ಬದಲು ಮಂದೆಯ ನಾಯಿ ಬಂತು. ಬಂದದ್ದು ನೇರವಾಗಿ ಎಡಚೀಲಕ್ಕೆ ಮೂಗು ಇಟ್ಟು ಒಮ್ಮೆ ಜೋರಾಗಿ ಮೂಸಿತು.

ಬೇಗಂ ಹೊರಗೆ ಹಾರಿದಳು. ಹಾರಿ ಹ್ಯಾಂಡಲ್ ಮೇಲೆ ಓಡಿ, ಎದುರಿಗೆ ಕಂಡ ಇನ್ನೊಂದು ಬೆಚ್ಚಗಿನ ಗುಹೆಯೊಳಗೆ ನುಗ್ಗಿದಳು. ಅಲ್ಲಿ ರೌಡಿ ನಿದ್ದೆಯಲ್ಲಿದ್ದ. ವೀರಬಸಪ್ಪನ ಬಲಗೈಯೂ ಅಲ್ಲೇ ಇತ್ತು.

ಆಮೇಲೆ ನಡೆದದ್ದನ್ನು ಅವನು ಎಷ್ಟು ಸಲ ಹೇಳಿದರೂ ಒಂದೇ ರೀತಿ ಹೇಳಲಿಲ್ಲ. ಚೀಲ ತಾನೇ ಕುಣಿಯಿತು ಎನ್ನುತ್ತಿದ್ದ. ಸೈಕಲ್ಲು ಸವಾರನ ಸಮೇತ ರಸ್ತೆಯ ನಡುವೆ ಬುಗುರಿಯಂತೆ ಸುತ್ತಿ, ಕುರಿಗಳನ್ನು ಎರಡು ಭಾಗ ಮಾಡಿ, ರಸ್ತೆ ಬದಿಯಲ್ಲಿ ತರಕಾರಿ ಮಂಕರಿ ಇಳಿಸಿಕೊಂಡು ಎಲೆಅಡಿಕೆ ಹಾಕುತ್ತ ಕೂತಿದ್ದ ರತ್ನಕ್ಕನ ಹೂಕೋಸಿನ ಮೇಲೆ ಬಿತ್ತು. ಸ್ಯಾಟಿನ್ ಹರಿಯಿತು. ಹತ್ತಿ ಎದ್ದಿತು. ಮಂಜಿನ ಜೊತೆ ಹತ್ತಿಯೂ ಸೇರಿ ಜಕ್ಕೂರಿನಲ್ಲಿ ಏನು ಯಾವುದೆಂದು ಗೊತ್ತಾಗದಂತಾಯಿತು. ಬೆಕ್ಕುಗಳೆರಡೂ ಪಕ್ಕದ ಹುಣಸೆಮರ ಹತ್ತಿ, ಅಲ್ಲಿ ಬೇರೆ ಬೇರೆ ಕೊಂಬೆ ಹಿಡಿದವು.

ರತ್ನಕ್ಕ ಜಕ್ಕೂರಿನವಳೇ, ದಿನವೂ ಹೆಬ್ಬಾಳದ ಕಡೆ ತರಕಾರಿ ಹೊತ್ತು ಹೋಗುವವಳು. ಅವಳು ಹೂಕೋಸು ಯಾವುದು, ಹತ್ತಿ ಯಾವುದು ಎಂದು ಒಂದು ಕ್ಷಣ ನೋಡಿ, ನಡುವಿನಿಂದ ಮೀಸೆಯನ್ನು ಎಳೆದು ಎಬ್ಬಿಸಿದಳು.

“ಅಯ್ಯೋ ನಿನ್ನ! ಬೆಕ್ಕು ಕಟ್ಕೊಂಡು ಇಂಗೆ ಎಲ್ಲಿಗೋಯ್ತಿದ್ದೀಯಪ್ಪ?”

“ಹಾಲು ಹಿಂಡಾಕ್ರಿ.”

“ಬೆಕ್ಕಿನ ಆಲಾ?”

“ಅಲ್ರಿ ಯವ್ವಾ, ಮೇಡಂ ಹಾಲು.”

ರತ್ನಕ್ಕ ಇನ್ನು ಕೇಳುವುದು ಬೇಡವೆಂದು ನಿರ್ಧರಿಸಿದಳು. ಅವನ ಕೈ ಹಿಡಿದು ನೋಡಿದಳು. ಪರಚಿದ ಗೆರೆಗಳು ಮೊಣಕೈವರೆಗೂ ಹೋಗಿದ್ದವು. ಟೀ ಅಂಗಡಿಯಿಂದ ಅರಿಶಿನ ಮತ್ತು ಎಣ್ಣೆ ತರಿಸಿ, ಒಲೆಯ ಮೇಲೆ ಬಿಸಿ ಮಾಡಿಸಿ, ಬಯ್ಯುತ್ತ ಬಯ್ಯುತ್ತ ಎರಡೂ ಕೈಗೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಹಾಳಾದ ಹೂಕೋಸಿನ ಮಾತನ್ನು ಅವನು ಎತ್ತಿದಾಗ, “ಓಗ್ಲಿ ಬುಡು, ಇಂಥದ್ದು ನೋಡಾಕೆ ಜನ ಟಿಕೀಟು ತಕ್ಕೊಂಡು ಪೇಟೆಗೋಯ್ತಾರೆ,” ಎಂದಳು.

ಚಕ್ರ ಸೊಟ್ಟಗಾಗಿದ್ದ ಸೈಕಲ್ಲನ್ನು ತಳ್ಳಿಕೊಂಡು ವೀರಬಸಪ್ಪ ಕೆಂಪಾಪುರ ಸೇರಿದಾಗ ಬಿಸಿಲು ಏರಿತ್ತು. ದೂರದಿಂದಲೇ ಮೇಡಂ ಕೂಗುವುದು ಕೇಳುತ್ತಿತ್ತು. ಬೇರೆ ಯಾರನ್ನೂ ಅವರು ಹತ್ತಿರ ಬಿಟ್ಟಿರಲಿಲ್ಲ. ಆನಂದಪ್ಪನವರೇ ಪ್ರಯತ್ನಿಸಿ, ಈಗ ಗೋಡೆಗೆ ಒರಗಿ ತೊಡೆ ಹಿಡಿದುಕೊಂಡು ನಿಂತಿದ್ದರು. ಮೈತುಂಬ ಹತ್ತಿ ಅಂಟಿಸಿಕೊಂಡು ಒಳಗೆ ಬಂದ ಆಕೃತಿಯನ್ನು ನೋಡಿ ಅವರು ಬಕೆಟ್ಟನ್ನು ಕಾಲಿನಿಂದ ಅದರತ್ತ ನೂಕಿದರು.

ವೀರಬಸಪ್ಪ ಕುಕ್ಕರುಗಾಲಲ್ಲಿ ಕೂತ. ಹಳದಿ ಕೈಗಳನ್ನು ತೋರಿಸಿ, “ತಡಾ ಆತ್ರಿ. ತಪ್ಪು ತಿಳಕೋಬ್ಯಾಡ್ರಿ,” ಎಂದ. ಮೇಡಂ ಅವನ ತಲೆ ಮೂಸಿದರು. ರುಮಾಲಿಗೆ ಅಂಟಿದ್ದ ಹೂಕೋಸಿನ ಎಲೆಯೊಂದನ್ನು ತಿಂದರು. ಆಮೇಲೆ ಎಡಗೈ ಬಲಗೈ ಎಂಬ ಭೇದವಿಲ್ಲದೆ ಹಾಲು ಇಳಿಸಿದರು.

ಖಾದರ್ ಬಾಷಾ ಹೊಸ ಕಿವಿ ಹೊಲಿದರು; ಈ ಸಲ ಬಾಯಿಗೆ ಗುಂಡಿ ಇಟ್ಟರು, ರಾತ್ರಿ ಮುಚ್ಚಿಡಲಿಕ್ಕೆ. ಬೇಗಂ ಮರದಿಂದ ಇಳಿದು ಯಲಹಂಕಕ್ಕೆ ವಾಪಸು ಬಂದಳು. ರೌಡಿ ಜಕ್ಕೂರಿನ ಟೀ ಅಂಗಡಿಯಲ್ಲೇ ಉಳಿದ. ಮುಜಫ್ಫರನ ಖಾಕಿ ಕಿವಿ ನೋಡಿ ಪೇಪರಿನವರು, ಕ್ಯಾನಿನವರು, ವಾಯುನೆಲೆಯ ಅಡುಗೆಯವರು ಎಲ್ಲ ಕೇಳಿಕೊಂಡು ಬಂದರು. ಮುಂದಿನ ನಾಲ್ಕೈದು ಚಳಿಗಾಲ ಬಳ್ಳಾರಿ ರಸ್ತೆಯಲ್ಲಿ ಯಾರ್ಯಾರದೋ ಮದುವೆಯ ಸ್ಯಾಟಿನ್ ತುಂಡುಗಳು ಬೆಳಗಿನ ಜಾವ ಸಾಲಾಗಿ ಹೋಗುತ್ತಿದ್ದವು. ಮದುವೆ ಇಲ್ಲದ ತಿಂಗಳಲ್ಲೂ ಅಂಗಡಿಯಲ್ಲಿ ಕೆಲಸ ಇದೆಯೆಂದು ಮಲ್ಕಾ ನಗುವುದನ್ನು ಬಿಟ್ಟು ತಾವೂ ಹೊಲಿಯಲು ಕೂತರು.

ಎಂಬತ್ತೈದರಲ್ಲಿ ಆನಂದಪ್ಪ ಡೈರಿ ಮುಚ್ಚಿದರು. ಜಾಗ ಲೇಔಟ್ ಆಯಿತು. ದನಗಳು ಒಂದೊಂದು ದಿಕ್ಕಿಗೆ ಹೋದವು. ಮೇಡಂಗೆ ವಯಸ್ಸಾಗಿತ್ತು, ಹಾಲು ಬತ್ತಿತ್ತು, ಕೊಳ್ಳುವವರಿರಲಿಲ್ಲ. ವೀರಬಸಪ್ಪ ತಾನು ಕರೆದುಕೊಂಡು ಹೋಗುತ್ತೇನೆಂದ. ಆನಂದಪ್ಪ ಹಗ್ಗ ಕೊಡುವಾಗ, “ಉಸಾರು ಕಣಯ್ಯ, ಅವ್ರಿಗೆ ಗೌರಿ ಗಿರಿ ಅನ್ನಬ್ಯಾಡ,” ಎಂದು ಅತ್ತರು.

ನಮ್ಮ ವಠಾರದ ಯಜಮಾನರು ವೆಂಕಟರಾಮಯ್ಯನವರು. ಅಲ್ಲಿ ತುಳಸಿ ಗಿಡ ಇಡಬೇಕಾದರೂ ಅವರ ಅಪ್ಪಣೆ ಬೇಕು. ಗಿಳಿ ಸಾಕಿದ್ದಕ್ಕೆ ಒಬ್ಬರನ್ನು ಮನೆ ಬಿಡಿಸಿದ್ದರು. ಮೇಡಂ ಗೇಟಿನೊಳಗೆ ತಲೆ ಹಾಕಿದ್ದನ್ನು ಕಂಡು ಅವರು ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಓಡಿ ಬಂದರು. ನಾವೆಲ್ಲ ಬಾಗಿಲಿಗೆ ಬಂದೆವು.

“ಏನ್ರೀ ಇದು ವೀರಬಸಪ್ಪ? ಇದನ್ನ—”

ಮೇಡಂ ತಲೆ ಎತ್ತಿ ಅವರನ್ನು ನೋಡಿದರು. ಬಹಳ ಹೊತ್ತು ನೋಡಿದರು. ವೆಂಕಟರಾಮಯ್ಯನವರ ಎತ್ತಿದ ಕೈ ನಿಧಾನವಾಗಿ ಇಳಿಯಿತು. ಪಂಚೆಯೂ ಇಳಿಯಿತು. ಗಂಟಲು ಸರಿಮಾಡಿಕೊಂಡು, ಯಾರೂ ಕಲಿಸದಿದ್ದರೂ, “ಒಳಗ್ ಬನ್ನಿ,” ಎಂದರು.

ಅಂದಿನಿಂದ ಮೇಡಂ ಹಿತ್ತಿಲ ಹೊಂಗೆ ಮರದ ಕೆಳಗೆ ಇದ್ದರು. ವೀರಬಸಪ್ಪ ಹತ್ತಿರದ ಕಾಲೇಜೊಂದರಲ್ಲಿ ತೋಟದ ಕೆಲಸ ಹಿಡಿದ. ನಡೆದೇ ಹೋಗುವಷ್ಟು ದೂರ, ಸೈಕಲ್ಲು ಬೇಕಾಗಲಿಲ್ಲ. ಹಾಲು ಇಲ್ಲದ ಹಸುವಿನ ಪಕ್ಕ ದಿನಾ ಬೆಳಿಗ್ಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಅವನು ಏನು ಮಾತಾಡುತ್ತಾನೆಂದು ಒಮ್ಮೆ ಗಂಗಾದೇವಿಯನ್ನು ಕೇಳಿದೆ.

“ನಮ್ಮ ಸಂಸಾರದ ಸುದ್ದಿ ಎಲ್ಲಾ ಹೇಳ್ತಾರ್ರಿ,” ಎಂದಳು. “ನಾ ಉಪ್ಪು ಜಾಸ್ತಿ ಹಾಕಿದ್ದೂ ಹೇಳ್ಯಾರ. ಈಗ ನಾ ಹುಲ್ಲು ಹಾಕಾಕ ಹೋದ್ರ, ಮೇಡಂ ನನ್ನ ಒಂದ್ ಥರಾ ನೋಡ್ತಾರ.”